ಪದಚರ್ಚೆ: ‘ಹುದುಗಿಸಿದ’ ವೈನ್ ಅಂದರೆ ಬಚ್ಚಿಟ್ಟ ವೈನಾ?

ಗೆಳೆಯರೇ,

ಒಂದು ಚಿಕ್ಕ ಅನುವಾದ ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ಮನೆಮಂದಿಯೇ ನೋಡಿಕೊಳ್ಳುವ ಸಣ್ಣ ದ್ರಾಕ್ಷಿ ತೋಟ, ಅವರೇ ಮಾಡುವ ಬಿಳಿ ವೈನ್, ಅದರ ಬಾಟಲಿಯ ಹಿಂಬದಿಗೆ ಅಂಟಿಸುವ ಚೀಟಿ. ಇರುವುದು ಐದೇ ಸಾಲು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಮೊದಲ ಸಾಲು ಹೀಗೆ ಬಂತು: ‘ನೈಸರ್ಗಿಕವಾಗಿ ಹುದುಗಿಸಿದ, ಮೋಡದಂಥ, ಒಣ ಬಿಳಿ ವೈನ್.’ ತಂಗಿಗೆ ಓದಿ ಹೇಳಿದೆ. ‘ಹುದುಗಿಸಿದ್ದು ಯಾಕೆ? ಯಾರಾದರೂ ಹುಡುಕಿಕೊಂಡು ಬರ್ತಿದ್ರಾ?’ ಅಂದಳು.

ಅವಳು ಕೇಳಿದ್ದು ಸರಿಯೇ. ಹುದುಗು ಅಂದರೆ ಹಿಟ್ಟು ಉಬ್ಬಿ ಬರುವುದೂ ಹೌದು, ಅಡಗಿಕೊಳ್ಳುವುದೂ ಹೌದು. ‘ಹುದುಗುವಿಕೆ’ ಅಂತ ಪಾಠದ ಪುಸ್ತಕದಲ್ಲಿ ಓದುವಾಗ ತೊಂದರೆಯಿಲ್ಲ. ‘ಹುದುಗಿಸಿದ’ ಅಂದ ಕೂಡಲೇ ಬಚ್ಚಿಡುವ ಅರ್ಥವೇ ಮುಂದೆ ಬಂದು ನಿಲ್ಲುತ್ತದೆ. ಹಾಗಾದರೆ ‘ಹುಳಿ ಬರಿಸಿದ’ ಅನ್ನೋಣವೇ? ಅದು ಇನ್ನೂ ತಪ್ಪು. ಯೀಸ್ಟ್ ರಸದಲ್ಲಿರುವ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಹುಳಿ ಅದಕ್ಕೂ ಮುಂಚೆ ಹಣ್ಣಿನಲ್ಲೇ ಇರುತ್ತದೆ. ಆಮೇಲೆ ಜಾಸ್ತಿ ಹುಳಿ ಬಂತು ಅಂದರೆ ವೈನ್ ವಿನಿಗರ್ ದಾರಿ ಹಿಡಿದಿದೆ ಅಂತಲೇ. ಎಷ್ಟೋ ವೈನ್‌ಗಳಲ್ಲಿ ಬ್ಯಾಕ್ಟೀರಿಯಾ ಬಂದು ಮ್ಯಾಲಿಕ್ ಆಮ್ಲವನ್ನು ಮೆತ್ತಗಿನ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ, ಆಗ ಹುಳಿ ಇಳಿಯುತ್ತದೆ. ಸದ್ಯಕ್ಕೆ ‘ಹುದುಗು ಬಂದ’ ಅಂತ ಬರೆದಿದ್ದೇನೆ. ‘ಬಂದ’ ಅನ್ನುವುದರಲ್ಲಿ ಒಂದು ಅನುಕೂಲವೂ ಇದೆ, ತಾನಾಗಿ ಬಂತು ಅನ್ನುವ ಧ್ವನಿ ಬರುತ್ತದೆ. ಇವರು ಪ್ಯಾಕೆಟ್ ಯೀಸ್ಟ್ ಹಾಕುವುದಿಲ್ಲ. ತೋಟದಿಂದ ಹಣ್ಣಿನ ಜೊತೆ ಬಂದದ್ದು, ಮನೆಯ ಪಾತ್ರೆ ಪೀಪಾಯಿಗಳಲ್ಲಿ ಉಳಿದದ್ದು, ಅಷ್ಟೇ.

ಇದನ್ನು ಹುಡುಕುವಾಗ ‘ಕಿಣ್ವ’ ಸಿಕ್ಕಿತು. ನಾವೆಲ್ಲ ಶಾಲೆಯಲ್ಲಿ ಕಿಣ್ವ ಅಂದರೆ ಎಂಜೈಮ್ ಅಂತ ಕಲಿತವರು ಅಲ್ವಾ? ಹಳೆಯ ಸಂಸ್ಕೃತದಲ್ಲಿ ಅದು ಮದ್ಯಕ್ಕೆ ಹಾಕುವ ಹುದುಗು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ಮೇಲ್ವಿಚಾರಣೆಯ ಭಾಗದಲ್ಲಿ ಕಿಣ್ವ ಬರುವುದು ಈ ಅರ್ಥದಲ್ಲೇ. ಎಂಜೈಮ್ ಎಂಬ ಮಾತನ್ನು ಕಟ್ಟಿದ್ದೂ ‘ಹುದುಗಿನೊಳಗೆ’ ಅನ್ನುವ ಗ್ರೀಕ್ ಮಾತಿನಿಂದ. ಎರಡು ಪದಗಳೂ ಒಂದೇ ಪೀಪಾಯಿಯಿಂದ ಹೊರಟು ಒಂದೇ ಪ್ರಯೋಗಾಲಯ ಸೇರಿವೆ. ಅದೇ ಅರ್ಥಶಾಸ್ತ್ರ ದ್ರಾಕ್ಷಿಯ ಮದ್ಯವನ್ನು ‘ಮಧು’ ಅನ್ನುತ್ತದೆ. ಅದನ್ನು ಚೀಟಿಯಲ್ಲಿ ಹಾಕಿದರೆ ಎಲ್ಲರೂ ಜೇನುತುಪ್ಪ ಅಂದುಕೊಳ್ಳುತ್ತಾರೆ, ಬಿಡಿ.

ಈಗ ‘ನೈಸರ್ಗಿಕ’. ಸೋಪು ಶಾಂಪೂಗಳ ಮೇಲೆಲ್ಲ ಬರೆದು ಬರೆದು ಆ ಪದ ಸವೆದುಹೋಗಿದೆ. ‘ಸಾವಯವ’ ಹಾಕಲಾರೆ, ಅದು ಬೇರೆಯದೇ. ತೋಟಕ್ಕೆ ರಾಸಾಯನಿಕ ಗೊಬ್ಬರ, ಕೀಟನಾಶಕ ಹಾಕದೆ ಬೆಳೆದ ಮೇಲೂ ವೈನ್ ಮಾಡುವ ಮನೆಯೊಳಗೆ ಕೊಂಡ ಯೀಸ್ಟ್, ವೈನ್ ಕೆಡದಿರಲಿ ಅಂತ ಹಾಕುವ ಸಲ್ಫೈಟ್ ಒಂದಷ್ಟು ಬಳಸಬಹುದು. ಆದರೂ ಯುರೋಪಿನ ಲೆಕ್ಕದಲ್ಲಿ ಅದು ಸಾವಯವ ವೈನೇ. ನಮ್ಮಲ್ಲಿ ‘ಸಾವಯವ ಕೃಷಿ’, ‘ಸಹಜ ಕೃಷಿ’ ಅಂತ ಎರಡು ಮಾತು ಮೊದಲಿಂದ ಬೇರೆ ಬೇರೆ ಅರ್ಥದಲ್ಲಿ ಬಳಕೆಯಲ್ಲಿವೆ. ಅದೇ ಜಾಡಿನಲ್ಲಿ ‘ಸಹಜ ವೈನ್’ ಅನ್ನಬಹುದು ಅಂತ ನನ್ನ ಅನಿಸಿಕೆ. ಫ್ರಾನ್ಸಿನಲ್ಲೂ ಈ ಹೆಸರಿನ ಜಗಳ ಕಮ್ಮಿಯೇನಿರಲಿಲ್ಲ. 2020ರಲ್ಲಿ ಅವರು ಒಪ್ಪಿಕೊಂಡ ಹೆಸರು ‘ವ್ಯಾನ್ ಮೆತೋಡ್ ನಾತ್ಯೂರ್’. ಸಹಜ ಅನ್ನುವುದನ್ನು ವೈನಿಗೆ ಅಂಟಿಸದೆ ಮಾಡುವ ರೀತಿಗೆ ಅಂಟಿಸಿದರು. ಜಾಣರು.

ಆದರೆ ಕನ್ನಡಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ಈ ವೈನಿನ ಗುಣವೆಲ್ಲ ಏನೇನು ಮಾಡಲಿಲ್ಲ ಅನ್ನುವುದರಲ್ಲಿದೆ. ಮಾಡದ್ದನ್ನು ಒಂದೇ ಪದದಲ್ಲಿ ಹೇಳುವುದು ನಮಗೆ ಸಲೀಸು: ಸೋಸದ, ಬೆರೆಸದ, ತಿಳಿಗೊಳಿಸದ. ಇಲ್ಲಿ ಸೋಸುವುದು ಬೇರೆ, ತಿಳಿಗೊಳಿಸುವುದು ಬೇರೆ. ಬೆಂಟೊನೈಟ್ ಜೇಡಿಯನ್ನೋ ಮೊಟ್ಟೆಯ ಬಿಳಿಯನ್ನೋ ಹಾಕಿ ರಸದಲ್ಲಿ ತೇಲುವುದನ್ನು ತಳಕ್ಕೆ ಇಳಿಸಿದರೆ ಅದು ತಿಳಿಗೊಳಿಸುವುದು. ಇವರು ಎರಡನ್ನೂ ಮಾಡುವುದಿಲ್ಲ.

ಸಲ್ಫೈಟ್ ವಿಷಯದಲ್ಲಂತೂ ಒಂದಕ್ಷರ ಆಚೀಚೆ ಆದರೂ ಸುಳ್ಳಾಗುತ್ತದೆ. ನಾನು ಮೊದಲು ‘ಸಲ್ಫೈಟ್ ಇಲ್ಲದ’ ಅಂತ ಬರೆದಿದ್ದೆ. ಹುದುಗು ಬರುವಾಗ ಯೀಸ್ಟೇ ಸ್ವಲ್ಪ ಸಲ್ಫೈಟ್ ಹುಟ್ಟಿಸುತ್ತದೆ. ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ‘ಸಲ್ಫೈಟ್ ಇದೆ’ ಅಂತ ಅಚ್ಚು ಹಾಕಲೇಬೇಕು ಅನ್ನುವುದು ಯುರೋಪಿನ ನಿಯಮ. ಏನೂ ಹಾಕದ ಬಾಟಲಿಯ ಮೇಲೂ ಆ ಸಾಲು ಬರಬಹುದು. ಹಾಗಾಗಿ ‘ಸಲ್ಫೈಟ್ ಹಾಕದ’. ಇದನ್ನು ಬದಲಿಸುವುದಿಲ್ಲ, ಯಾರು ಏನೇ ಹೇಳಿದರೂ.

‘ಮೋಡದಂಥ’ ಅನ್ನುವುದಕ್ಕೆ ನನಗೇ ನಾಚಿಕೆ ಆಯಿತು. ಬಾಟಲಿ ಎದುರಿಗಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಮೇಲಿನ ಮುಕ್ಕಾಲು ಭಾಗ ಒಣಹುಲ್ಲಿನ ಬಣ್ಣಕ್ಕೆ ತಿಳಿಯಾಗಿದೆ. ತಳದಲ್ಲಿ ಬೆರಳಗಲ ಹಾಲು ಬಣ್ಣದ್ದೇನೋ ಕೂತಿದೆ. ಮೆಲ್ಲಗೆ ವಾಲಿಸಿದರೆ ಅದು ಎದ್ದು ಹೊಗೆಯ ಹಾಗೆ ಮೇಲಕ್ಕೆ ಹರಡುತ್ತದೆ. ‘ಬಗ್ಗಡ’ ಅಂದರೆ ಕೆಸರು ನೀರು ನೆನಪಾಗುತ್ತದೆ. ‘ಕದಡಿದ’ ಅಂದರೆ ಯಾರೋ ಬೇಕೆಂದೇ ಕದಡಿದ ಹಾಗೆ. ‘ಸೋಸದ್ದರಿಂದ ತಳದಲ್ಲಿ ಗಸಿ ಇರುತ್ತದೆ’ ಅಂತ ಬಿಡಿಸಿ ಬರೆದೆ.

ಗಸಿಯೋ ಮಡ್ಡಿಯೋ ಅಂತ ಒಂದು ಸಂಜೆಯೆಲ್ಲ ಯೋಚಿಸಿದ್ದೇನೆ. ಮಡ್ಡಿ ಅಂದರೆ ಎಣ್ಣೆ ಡಬ್ಬಿಯ ತಳ ನೆನಪಾಗುತ್ತದೆ, ದಡ್ಡನನ್ನು ಬೈಯುವ ಮಾತೂ ಅದೇ. ಗಸಿ ಹಗುರ. ಇಲ್ಲಿ ತಳ ಸೇರಿದ್ದು ಹೆಚ್ಚಾಗಿ ಸತ್ತ ಯೀಸ್ಟ್, ಕೊಳೆಯಲ್ಲ. ಎಷ್ಟೋ ಬಿಳಿ ವೈನನ್ನು ತಿಂಗಳುಗಟ್ಟಲೆ ಬೇಕೆಂದೇ ಗಸಿಯ ಮೇಲೆ ಇಡುತ್ತಾರೆ, ಬಾಯಿಗೆ ತುಂಬಿಕೊಂಡಂತೆ ಆಗಲಿ ಅಂತ. ಹಣ್ಣು ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಬೀಜಕ್ಕೆ ಮಾತ್ರ ಪದ ಹುಡುಕಬೇಕಾಗಿಲ್ಲ, ‘ಹಿಂಡಿ ಹಿಪ್ಪೆ ಮಾಡು’ ಅನ್ನುವಾಗಿನ ಹಿಪ್ಪೆಯೇ ಅದು. ಬಿಳಿ ವೈನಿಗೆ ಸಾಮಾನ್ಯವಾಗಿ ಹಿಪ್ಪೆ ತೆಗೆದ ಮೇಲೆ ಹುದುಗು, ಕೆಂಪಿಗೆ ಹಿಪ್ಪೆಯ ಜೊತೆಗೇ ಹುದುಗು. ಬಿಳಿಯಲ್ಲಿ ಒಗರು ಕಮ್ಮಿ ಇರುವುದು ಅದಕ್ಕೇ. ಒಗರು! ಎಂಥ ಪದ ನೋಡಿ. ಈ ಒಂದು ರುಚಿಗೆ ಯಾವ ಭಾಷೆಯಿಂದಲೂ ಸಾಲ ತರಬೇಕಾಗಿಲ್ಲ.

‘ಬಿಳಿ’ ಬಗ್ಗೆ ತಕರಾರು ತೆಗೆಯುವುದಿಲ್ಲ. ವೈನ್ ಹಳದಿ, ಹಣ್ಣು ಹಸಿರು, ಹೆಸರು ಬಿಳಿ. ಇರಲಿ.

ಉಳಿದದ್ದು ‘ಒಣ’. ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿದ ವೈನ್ ಅಂತ ಅರ್ಥ, ಲೀಟರಿಗೆ 4 ಗ್ರಾಂ ಉಳಿದರೆ ಜಾಸ್ತಿ. ಒಣ ವೈನ್ ಅಂದರೆ ಪುಡಿ ಮಾಡಿ ಪೊಟ್ಟಣ ಕಟ್ಟಿದ್ದೇನೋ ಅನ್ನಿಸುತ್ತದೆ. ‘ಸಪ್ಪೆ’ ಅಂದರೆ ಮಾಡಿದವರು ಬೇಜಾರು ಮಾಡಿಕೊಳ್ಳುತ್ತಾರೆ. ‘ಡ್ರೈ’ ಅಂತಲೇ ಬಿಡಬಹುದು, ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಗೊತ್ತಿಲ್ಲದವರಿಗಾಗಿ ಅಲ್ವಾ ಚೀಟಿ? ‘ಸಿಹಿ ಉಳಿಯದ’ ಅಂತ ಬರೆದಿಟ್ಟಿದ್ದೇನೆ. ಅರ್ಥ ಸರಿ, ಆದರೆ ಏನೋ ಕಳೆದುಕೊಂಡ ಹಾಗೆ ಕೇಳಿಸುತ್ತದೆ. ಚೀಟಿ ಅಚ್ಚಿಗೆ ಹೋಗುವ ಮುಂಚೆ ಯಾರಿಗಾದರೂ ಇದಕ್ಕಿಂತ ಒಳ್ಳೆಯದು ಹೊಳೆದರೆ ಬರೆಯಿರಿ. ಗಸಿ ಬೇಡ, ಮಡ್ಡಿಯೇ ಇರಲಿ ಅನ್ನುವವರಿದ್ದರೂ ಹೇಳಿ, ಸುಮ್ನೆ ಜಗಳವಾಡೋಣ.