ಸಹಾಯ ಬೇಕು: ತಂಗಿ ಕಾಟಕ್ಕೆ ರೋಸಿಹೋದ ಅಕ್ಕನ ಕಥೆ ಕನ್ನಡದಲ್ಲಿ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಕುವೆಂಪುನಗರದವರು. ನಾಲ್ಕನೇ ಕ್ಲಾಸಿನ ದೊಡ್ಡ ಮಗಳಿಗೆ ಕನ್ನಡ ಕಥೆ ಪುಸ್ತಕ ಹುಡುಕುತ್ತಿದ್ದೇನೆ. ಅಕ್ಕನ ಕಡೆಯಿಂದ ಹೇಳಿದ ಕಥೆ ಬೇಕು.

ಅಮೆರಿಕದ ಲೇಖಕಿ ಬೆವರ್ಲಿ ಕ್ಲಿಯರಿ 1955ರಲ್ಲಿ ಬರೆದ ಇಂಗ್ಲಿಷ್ ಮಕ್ಕಳ ಪುಸ್ತಕ 'ಬೀಝಸ್ ಅಂಡ್ ರಮೋನಾ' ಓದಿ ಹೇಳಿದ್ದೆ. ನಾಲ್ಕು ವರ್ಷದ ರಮೋನಾ ನೆಲಮಾಳಿಗೆಯಲ್ಲಿ ಕೂತು ಒಂದಾದ ಮೇಲೊಂದು ಸೇಬು ತೆಗೆದು, ಒಂದೇ ಸಲ ಕಚ್ಚಿ ಬಿಟ್ಟುಬಿಡುತ್ತಾಳೆ. ಮೊದಲ ತುತ್ತೇ ರುಚಿ ಜಾಸ್ತಿ ಅಂತೆ! ಒಮ್ಮೊಮ್ಮೆ ತಂಗಿ ಮೇಲೆ ಪ್ರೀತಿಯೇ ಬರುವುದಿಲ್ಲವಲ್ಲ ಅಂತ ಅಕ್ಕ ಬೀಝಸ್ ಒಳಗೊಳಗೇ ನೊಂದುಕೊಳ್ಳುತ್ತಾಳೆ. ಅಮ್ಮ, ಚಿಕ್ಕಮ್ಮ ತಾವೂ ಹಿಂದೆ ಕಿತ್ತಾಡಿದ್ದನ್ನು ಹೇಳಿದ ಮೇಲೇ ಅವಳಿಗೆ ಸಮಾಧಾನ. ನನ್ನ ಮಗಳು ಆ ಭಾಗವನ್ನೇ ಮತ್ತೆ ಮತ್ತೆ ಓದಿಸಿದಳು.

ನನ್ನ ಕೈಗೆ ಸಿಕ್ಕ ಕನ್ನಡ ಕಥೆಗಳಲ್ಲಿ ಅಕ್ಕ ಅಂದರೆ ಬರೀ ತಾಳ್ಮೆ. 'ನೀನು ದೊಡ್ಡವಳು, ಬಿಟ್ಟುಕೊಡು' ಅಂತ ಮುಗಿದುಬಿಡುತ್ತವೆ. ಅವಳಿಗೂ ಸಿಟ್ಟು ಬರುತ್ತದೆ, ಅಲ್ವಾ? ಮಕ್ಕಳ ಕಥೆಗಳ ಸ್ಟೋರಿವೀವರ್ ವೆಬ್‌ಸೈಟ್‌ನ ಪುಟ್ಟ ಚಿತ್ರಕಥೆಗಳು ಈಗ ಅವಳಿಗೆ ಸಾಲುತ್ತಿಲ್ಲ. ಅನುವಾದವಾದರೂ ಪರವಾಗಿಲ್ಲ. ಮೈಸೂರಿನ ಯಾವ ಅಂಗಡಿ, ಲೈಬ್ರರಿಯಲ್ಲಿ ಸಿಗುತ್ತದೆ ಅಂತಲೂ ದಯವಿಟ್ಟು ತಿಳಿಸಿ. ದಸರಾ ರಜೆಯೊಳಗೆ ಸಿಕ್ಕಿದರೆ ತುಂಬಾ ಉಪಕಾರ.