ಸಿಗಡಿಯನ್ನು ಎಷ್ಟು ಬೇಯಿಸಿದರೂ ಅಲರ್ಜಿ ತಪ್ಪದಿರುವುದು ಏಕೆ?

ಪ್ರಶ್ನೆ (ಕುಂದಾಪುರದ ಓದುಗ):
ನನ್ನ ತಂಗಿ ಸಿಗಡಿ ತಿಂದರೆ ಮೈತುಂಬ ದದ್ದು ಏಳುತ್ತದೆ, ತುಟಿ ಊದಿಕೊಳ್ಳುತ್ತದೆ. ಚೆನ್ನಾಗಿ ಬೇಯಿಸಿ ಬಡಿಸಿದರೂ, ಒಣಸಿಗಡಿ ಚಟ್ನಿಯನ್ನು ನಾಲಿಗೆಗೆ ತಾಗಿಸಿದರೂ ಅದೇ ಪಾಡು. ವೈದ್ಯರು ಏಡಿಯನ್ನೂ ಬೇಡವೆಂದಿದ್ದಾರೆ. ಆದರೆ ಬಂಗುಡೆ, ಕೋಳಿ ತಿಂದರೆ ಏನೂ ಆಗುವುದಿಲ್ಲ. ಬೆಂಕಿಗೆ ಪ್ರೋಟೀನು ಕೆಡುತ್ತದೆ ಎಂದು ಓದಿದ್ದೆ. ಇದೇಕೆ ಕೆಡುವುದಿಲ್ಲ?

ಉತ್ತರ 1 (ಜೀವರಸಾಯನಶಾಸ್ತ್ರದ ಬೋಧಕಿ):
ಇದರ ಹಿಂದಿರುವುದು ಮುಖ್ಯವಾಗಿ ಟ್ರೋಪೊಮಯೋಸಿನ್ ಎಂಬ ಸ್ನಾಯು ಪ್ರೋಟೀನು. ಮೊಟ್ಟೆಯ ಬಿಳಿಯಲ್ಲಿರುವ ಪ್ರೋಟೀನುಗಳು ಉಂಡೆಯಂತೆ ಮಡಚಿಕೊಂಡಿರುವುದರಿಂದ ಕಾಯಿಸಿದಾಗ ಬಿಚ್ಚಿ, ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ, ಮತ್ತೆ ಮೊದಲಿನಂತಾಗುವುದಿಲ್ಲ. ಟ್ರೋಪೊಮಯೋಸಿನ್ ಹಾಗಲ್ಲ: 284 ಅಮೈನೋ ಆಮ್ಲಗಳ ಎರಡು ನೀಳ ಸುರುಳಿಗಳು ಹುರಿಹಗ್ಗದ ಎಳೆಗಳಂತೆ ಒಂದನ್ನೊಂದು ಸುತ್ತಿಕೊಂಡಿರುತ್ತವೆ. ಕಾಯಿಸಿದಾಗ ಹುರಿ ಸಡಿಲಗೊಂಡರೂ ಆರಿದ ಮೇಲೆ ಎಳೆಗಳು ಪುನಃ ಹೆಣೆದುಕೊಳ್ಳುತ್ತವೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಅಲರ್ಜಿ ಉಂಟುಮಾಡುವ ಐಜಿಇ ಪ್ರತಿಕಾಯಗಳು ಈ ಪ್ರೋಟೀನಿನಲ್ಲಿ ಹಿಡಿಯುವ ತಾಣಗಳು ಬಹುಪಾಲು ಸರಪಳಿಯ ಉದ್ದಕ್ಕೆ ಸಾಲಾಗಿ ಬರುವ ಅಮೈನೋ ಆಮ್ಲಗಳ ತುಂಡುಗಳಾಗಿರುವುದರಿಂದ, ಆಕಾರ ಕೆಟ್ಟರೂ ಆ ತುಂಡುಗಳ ಗುರುತು ಅಳಿಯುವುದಿಲ್ಲ.

ಸಿಗಡಿಯ ಪ್ರಮುಖ ಅಲರ್ಜಿಕಾರಕ ಇದೇ ಎಂದು 1993ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲಿದೆ, ಅದೂ ನಮ್ಮ ಕಡಲಿನ ಬಿಳಿ ಸಿಗಡಿಯನ್ನೇ ಇಟ್ಟುಕೊಂಡು ನಡೆದ ಕೆಲಸ ಎಂಬುದನ್ನು ಅಭಿಮಾನದಿಂದಲೇ ಹೇಳುತ್ತೇನೆ.

ಪ್ರಶ್ನಿಸಿದವರು:
ವಂದನೆಗಳು. ಹಾಗಾದರೆ ಸಿಗಡಿಯ ತುಂಡುಗಳನ್ನು ತೆಗೆದಿಟ್ಟು ಸಾರು ಮಾತ್ರ ಬಡಿಸಬಹುದೇ? ಕೋಳಿಗೂ ಸ್ನಾಯುವಿದೆಯಲ್ಲ, ಅದೇಕೆ ಒಗ್ಗುತ್ತದೆ?

ಉತ್ತರ 2 (ಅಲರ್ಜಿ ಚಿಕಿತ್ಸಕ):
ಸಾರನ್ನು ಖಂಡಿತ ಬಡಿಸಬೇಡಿ. ಈ ಪ್ರೋಟೀನು ನೀರಿನಲ್ಲಿ ಕರಗುತ್ತದೆ, ಬೇಯಿಸಿದ ನೀರಿಗೆ ಇಳಿದು ಅಲ್ಲಿಯೂ ಅಲರ್ಜಿಯ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ. ಸಿಗಡಿ ಕರಿದ ಎಣ್ಣೆಯನ್ನೂ ಅದೇ ಸೌಟನ್ನೂ ಬೇರೆ ಅಡುಗೆಗೆ ಬಳಸಬಾರದು.

ಕೋಳಿಯ ಟ್ರೋಪೊಮಯೋಸಿನ್ ನಮ್ಮದನ್ನು ಬಹಳವಾಗಿ ಹೋಲುವುದರಿಂದ ದೇಹ ಅದನ್ನು ಪರಕೀಯವೆಂದು ಎಣಿಸುವುದು ಅಪರೂಪ. ಸಿಗಡಿಯದು ನಮ್ಮದರೊಂದಿಗೆ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಹೊಂದುತ್ತದೆ, ಆದರೆ ಜಿರಲೆ ಮತ್ತು ಮನೆಧೂಳಿನ ನುಸಿಯದರೊಂದಿಗೆ ಸುಮಾರು ಶೇ. 80ರಷ್ಟು ಹೊಂದುತ್ತದೆ. ಧೂಳಿನ ನುಸಿಯ ಅಲರ್ಜಿಯಿದ್ದ ಕೆಲವರಿಗೆ ಸಿಗಡಿಯೂ ಆಗದಿರುವುದಕ್ಕೆ ಈ ಹೋಲಿಕೆ ಒಂದು ಕಾರಣ. ಮೀನಿನ ಅಲರ್ಜಿಗೆ ಸಾಮಾನ್ಯವಾಗಿ ಕಾರಣವಾಗುವುದು ಪಾರ್ವಲ್ಬುಮಿನ್ ಎಂಬ ಬೇರೆಯೇ ಪ್ರೋಟೀನು; ಹೀಗಾಗಿ ನಿಮ್ಮ ತಂಗಿಗೆ ಬಂಗುಡೆ ಒಗ್ಗುತ್ತದೆ.

ಇನ್ನೊಂದು ಪ್ರಶ್ನೆ (ಮಲೆನಾಡಿನ ಓದುಗಿ):
ನಮ್ಮಲ್ಲಿ ಚಗಳಿ ಇರುವೆಯ ಚಟ್ನಿ ಮಾಡುತ್ತಾರೆ. ಅದಕ್ಕೂ ಈ ಮಾತು ಅನ್ವಯಿಸುತ್ತದೆಯೇ?

ಉತ್ತರ 2ರ ಚಿಕಿತ್ಸಕ:
ಅನ್ವಯಿಸುತ್ತದೆ. ಕೀಟಗಳೂ ಸಿಗಡಿಯ ದೂರದ ಬಂಧುಗಳೇ. ಸಿಗಡಿ ಆಗದವರು ಚಗಳಿ ಚಟ್ನಿಯನ್ನೂ, ಈಗ ಮಾರಾಟಕ್ಕೆ ಬರುತ್ತಿರುವ ಮಿಡತೆ ಹುಡಿಯ ತಿನಿಸುಗಳನ್ನೂ ಪರೀಕ್ಷೆ ಮಾಡಿಸಿಕೊಳ್ಳದೆ ತಿನ್ನಬಾರದು. ಮರುವಾಯಿ (ಚಿಪ್ಪಿನ ಮೃದ್ವಂಗಿ), ಬೊಂಡಾಸು (ಸ್ಕ್ವಿಡ್) ಇವುಗಳಲ್ಲಿ ಹೋಲಿಕೆ ಕಡಿಮೆ, ಹಾಗಾಗಿ ಕೆಲವರಿಗೆ ಅವು ಒಗ್ಗುತ್ತವೆ. ಆದರೆ ಅದನ್ನು ಮನೆಯಲ್ಲಿ ತಿನ್ನಿಸಿ ನೋಡದೆ ವೈದ್ಯರ ಎದುರಿನಲ್ಲಿಯೇ ಪರೀಕ್ಷಿಸಬೇಕು.