ರ‍್ಯಾಮ್ ಪಂಪು ನಾಲ್ಕೈದು ಸಲ ಬಡಿದು ನಿಲ್ಲುತ್ತಿದೆ, ವೇಸ್ಟ್ ವಾಲ್ವ್ ಬಿಡುತ್ತಲೇ ಇಲ್ಲ

ಹಳ್ಳದಂಚು:
ಮೂರು ದಿನದಿಂದ ಇದೇ ಕೆಲಸ, ತಲೆ ಕೆಟ್ಟುಹೋಗಿದೆ. ಕರೆಂಟಿಲ್ಲದೆ, ಇಳಿದು ಬರೋ ನೀರಿನ ಹೊಡೆತದಿಂದಲೇ ಒಂದಿಷ್ಟು ನೀರನ್ನು ಮೇಲೆತ್ತೋ 1 ಇಂಚಿನ ರ‍್ಯಾಮ್ ಪಂಪು. ಟೀ, ಎರಡು ಎನ್‌ಆರ್‌ವಿ (ನೀರನ್ನು ಒಂದೇ ಕಡೆಗೆ ಬಿಡೋ ವಾಲ್ವ್), ಯೂನಿಯನ್, ಬಾಲ್ ವಾಲ್ವ್, 3 ಇಂಚು ಪಿವಿಸಿಯಲ್ಲಿ ಎರಡಡಿ ಎತ್ತರದ ಗಾಳಿ ಚೇಂಬರ್. ನೀರು ಬಿಟ್ಟ ಕೂಡಲೇ, ಪೋಲು ನೀರು ಹೊರಬಿಡೋ ವೇಸ್ಟ್ ವಾಲ್ವ್ ಟಕ್ ಅಂತ ಮುಚ್ಚಿಕೊಳ್ಳುತ್ತೆ. ಬೆರಳಲ್ಲಿ ಒತ್ತಿ ಬಿಟ್ಟರೆ ನಾಲ್ಕೈದು ಬಡಿತ, ಆಮೇಲೆ ಮತ್ತೆ ಮುಚ್ಚಿ ಕೂರುತ್ತೆ. ಜೋಡಣೆಯೆಲ್ಲ ಸರಿಯಾಗಿದೆ, ಎಲ್ಲೂ ಸೋರುತ್ತಿಲ್ಲ. ಏನು ಮಾಡಲಿ?

ಬಾಲ್‌ವಾಲ್ವ್25:
ಚೇಂಬರಿನೊಳಗೆ ಗಾಳಿ ಉಳಿದಿಲ್ಲ. ಗಾಳಿ ನಿಧಾನಕ್ಕೆ ನೀರಲ್ಲಿ ಕರಗಿ ಹೋಗುತ್ತೆ, ಚೇಂಬರ್ ಪೂರ್ತಿ ನೀರು ತುಂಬಿಕೊಳ್ಳುತ್ತೆ. ಸೈಕಲ್ ಟ್ಯೂಬನ್ನು ಮಡಿಸಿ ಒಳಗೆ ತೂರಿಸಿ. ಗಾಳಿ ತುಂಬಾ ಬೇಡ, ಹಿಂಡಿದರೆ ಮೆತ್ತಗಿರಬೇಕು.

ಹಳ್ಳದಂಚು:
ಟ್ಯೂಬ್ ಮೊದಲೇ ಹಾಕಿದೆ ಸಾರ್.

ಬಾಲ್‌ವಾಲ್ವ್25:
ಹಾಗಾದರೆ ಗಾಳಿ ಜಾಸ್ತಿಯಾಗಿದೆ. ಎಂಡ್ ಕ್ಯಾಪ್ ಕತ್ತರಿಸಿ ತೆಗೆದು ಅರ್ಧ ಗಾಳಿ ಬಿಟ್ಟು ನೋಡಿ.

ಯೂನಿಯನ್‌ಕಪ್ಲರ್:
ದಯವಿಟ್ಟು ಚೇಂಬರ್ ಕತ್ತರಿಸಬೇಡಿ. ಗಾಳಿ ಇಲ್ಲದಿದ್ದರೆ ಲಕ್ಷಣವೇ ಬೇರೆ: ಬಡಿತ ಕರ್ಕಶವಾಗುತ್ತೆ, ಪೈಪು ಅದುರುತ್ತೆ, ನೀರು ಬಿಟ್ಟು ಬಿಟ್ಟು ಬರುತ್ತೆ, ಕೊನೆಗೆ ಯಾವುದಾದರೂ ಜಾಯಿಂಟು ಒಡೆಯುತ್ತೆ. ವೇಸ್ಟ್ ವಾಲ್ವ್ ಮುಚ್ಚಿಕೊಂಡೇ ಇರೋದಕ್ಕೆ ಅದು ಕಾರಣವಲ್ಲ. ಇಷ್ಟು ಹೇಳಿ: ಯಾವ ಎನ್‌ಆರ್‌ವಿ ಎಲ್ಲಿದೆ, ಬಾಣದ ಗುರುತು ಯಾವ ಕಡೆಗೆ? ನೀರು ಎಷ್ಟು ಮೀಟರ್ ಕೆಳಗಿಳಿಯುತ್ತೆ, ಎಷ್ಟು ಮೇಲೇರಬೇಕು? ಪಂಪಿಗೆ ನೀರು ತರೋ ಡ್ರೈವ್ ಪೈಪು ಯಾವುದು, ಎಷ್ಟು ಉದ್ದ?

ಹಳ್ಳದಂಚು:
ವೇಸ್ಟ್‌ಗೆ ಹಿತ್ತಾಳೆ ಸ್ವಿಂಗ್ ಎನ್‌ಆರ್‌ವಿ, ನೇರ ನಿಂತಿದೆ, ಬಾಣ ಕೆಳಗೆ ಟೀ ಕಡೆಗೆ. ನೀರು ಮೇಲೇರೋ ಡೆಲಿವರಿ ಕಡೆಗೆ ಸ್ಪ್ರಿಂಗ್ ಎನ್‌ಆರ್‌ವಿ, ಬಾಣ ಚೇಂಬರ್ ಕಡೆಗೆ. ಇಳಿತ 1.5 ಮೀಟರ್, ಟ್ಯಾಂಕು ಪಂಪಿನಿಂದ 9 ಮೀಟರ್ ಮೇಲೆ. ನೀರು ನಿಮಿಷಕ್ಕೆ 20 ಲೀಟರ್ ಸಿಗುತ್ತೆ. ಡೆಲಿವರಿ ಪೈಪು ಇನ್ನೂ ಎಳೆದಿಲ್ಲ, ಬರೀ ಟೆಸ್ಟ್ ಅಲ್ಲವೇ, ಪಕ್ಕದ ಬಕೆಟ್ಟಿಗೆ ಬಿಟ್ಟಿದ್ದೇನೆ. ಡ್ರೈವ್‌ಗೆ ಗಿಡಕ್ಕೆ ನೀರು ಬಿಡೋ 1 ಇಂಚಿನ ಹೋಸ್, 30 ಮೀಟರ್.

ಯೂನಿಯನ್‌ಕಪ್ಲರ್:
ಎರಡು ತಪ್ಪು ಸಿಕ್ಕವು. ವಾಲ್ವುಗಳ ದಿಕ್ಕು ಸರಿಯಾಗಿದೆ, ಅದನ್ನು ಮುಟ್ಟಬೇಡಿ.

ಮೊದಲನೆಯದು ಬಕೆಟ್ಟು. ವೇಸ್ಟ್ ವಾಲ್ವ್ ತೆರೆದುಕೊಳ್ಳಬೇಕಾದರೆ ಡೆಲಿವರಿ ಎನ್‌ಆರ್‌ವಿ ಮುಚ್ಚಿ, ಡ್ರೈವ್ ಪೈಪಿನ ನೀರು ಒಂದು ಕ್ಷಣ ಹಿಂದಕ್ಕೆ ಜಗ್ಗಬೇಕು. ಆಗ ಟೀಯಲ್ಲಿ ಒತ್ತಡ ಇಳಿದು ವೇಸ್ಟ್ ವಾಲ್ವಿನೊಳಗಿನ ರೆಕ್ಕೆ ತನ್ನ ತೂಕಕ್ಕೇ ಬೀಳುತ್ತೆ. ನಿಮ್ಮಲ್ಲಿ ಎದುರು ಒತ್ತಡವೇ ಇಲ್ಲ. ವೇಸ್ಟ್ ಮುಚ್ಚಿದ ಕೂಡಲೇ ನೀರು ನೆಟ್ಟಗೆ ಬಕೆಟ್ಟಿಗೆ ಹರಿಯುತ್ತೆ, ಹಿಂದಕ್ಕೆ ಜಗ್ಗೋದೇ ಇಲ್ಲ. ನೀರು ನಿಂತಿದ್ದರೂ 1.5 ಮೀಟರ್ ಇಳಿತ 1 ಇಂಚಿನ ರೆಕ್ಕೆಯ ಮೇಲೆ ಸುಮಾರು ಮುಕ್ಕಾಲು ಕಿಲೋ ಭಾರ ಹಾಕುತ್ತೆ. ಅಷ್ಟನ್ನು ಮೀರಿ ಅದು ತಾನಾಗಿ ಬೀಳದು. ಡೆಲಿವರಿ ಬಾಲ್ ವಾಲ್ವ್ ಪೂರ್ತಿ ಮುಚ್ಚಿ, ರೆಕ್ಕೆಯನ್ನು ಕೈಯಲ್ಲಿ 20-30 ಸಲ ಒತ್ತಿ. ಚೇಂಬರಿನಲ್ಲಿ 0.7 ಬಾರ್ ಬಂದ ಮೇಲೆ ತಾನೇ ಬಡಿಯುತ್ತೆ, ಆಮೇಲೆ ವಾಲ್ವನ್ನು ನಿಧಾನಕ್ಕೆ ಬಿಡಿ.

ಎರಡನೆಯದು ಹೋಸ್. ಅದು ಪ್ರತಿ ಬಡಿತಕ್ಕೂ ಉಬ್ಬಿ ಹೊಡೆತವನ್ನೆಲ್ಲ ನುಂಗುತ್ತೆ. ಸೆಕೆಂಡಿಗೆ 1 ಮೀಟರ್ ಹರಿಯೋ ನೀರನ್ನು ಒಮ್ಮೆಲೇ ನಿಲ್ಲಿಸಿದರೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನಲ್ಲಿ ಸುಮಾರು 13 ಬಾರ್, ಪಿವಿಸಿಯಲ್ಲಿ ಸುಮಾರು 4 ಬಾರ್ ಏರುತ್ತೆ. ಹೋಸಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ.

ಜಿಐಥ್ರೆಡ್:
ಅದಕ್ಕೇ ಜಿಐ ಬಿಟ್ಟು ಬೇರೆ ಮಾತೇ ಬೇಡ ಅನ್ನೋದು. ಪಿವಿಸಿ ಬಿಸಿಲಿಗೆ ಪೆಡಸಾಗುತ್ತೆ, ದಿನಕ್ಕೆ ಎಪ್ಪತ್ತು ಎಂಬತ್ತು ಸಾವಿರ ಬಡಿತ ತಿಂದು ಜಾಯಿಂಟಲ್ಲಿ ಬಿರುಕು ಬಿಡುತ್ತೆ. ಥ್ರೆಡ್ಡಿಗೂ ಟೆಫ್ಲಾನ್ ಟೇಪ್ ಬೇಡ, ಸೆಣಬು ಸುತ್ತಿ ಪೇಸ್ಟ್ ಹಚ್ಚಿ.

ಬಾಲ್‌ವಾಲ್ವ್25:
10 ಕೆಜಿ ಪ್ರೆಶರ್ ಪಿವಿಸಿ ಹಾಕಿ, ಮಣ್ಣಲ್ಲಿ ಹೂತರೆ ಬಿಸಿಲಿನ ಪ್ರಶ್ನೆಯೇ ಇಲ್ಲ. ಡ್ರೈನೇಜ್ ಪೈಪು ಮಾತ್ರ ಬೇಡ. ಪಿವಿಸಿ ಥ್ರೆಡ್ಡಿಗೆ ಸೆಣಬು ತುಂಬಿ ಬಿಗಿದರೆ ಎಫ್‌ಟಿಎ (ಒಳಗೆ ಥ್ರೆಡ್ ಇರೋ ಪಿವಿಸಿ ಜೋಡಣೆ) ಸೀಳಿಹೋಗುತ್ತೆ ಗುರುಗಳೇ. ಟ್ಯೂಬಿನ ಗಾಳಿ ಮಾತ್ರ ಒಮ್ಮೆ ನೋಡಿ ಅಂತಲೇ ನನ್ನ ಮಾತು.

ಹಳ್ಳದಂಚು:
ವಾಲ್ವ್ ಮುಚ್ಚಿ ಒತ್ತಿದೆ, ಬಡಿಯೋಕೆ ಶುರುವಾಯ್ತು! ಆದರೆ ಗೇಜ್ 0.6 ಬಾರ್ ದಾಟುತ್ತಿಲ್ಲ. ರೆಕ್ಕೆಗೆ ಬೋಲ್ಟ್ ಹಾಕಿ ತೂಕ ಹೆಚ್ಚಿಸಲೇ?

ಯೂನಿಯನ್‌ಕಪ್ಲರ್:
0.6 ಬಾರ್ ಅಂದರೆ 6 ಮೀಟರ್ ನೀರು, ನಿಮ್ಮ ಟ್ಯಾಂಕಿಗೆ ಮುಟ್ಟದು. ತೂಕಕ್ಕೆ ಈಗಲೇ ಕೈ ಹಾಕಬೇಡಿ. ತೂಕ ಹೆಚ್ಚಿದರೆ ಬಡಿತ ನಿಧಾನವಾಗುತ್ತೆ, ಹೊಡೆತ ಜೋರಾಗುತ್ತೆ, ಪೋಲಾಗೋ ನೀರೂ ಹೆಚ್ಚುತ್ತೆ. ಹೋಸ್ ತೆಗೆಯದೆ ಅದನ್ನೆಲ್ಲ ಹದ ಮಾಡೋಕಾಗದು.

ಡ್ರೈವ್ ಪೈಪಿನ ಉದ್ದ ಇಳಿತದ 5ರಿಂದ 10 ಪಟ್ಟು ಸಾಕು, ನಿಮಗೆ 7.5ರಿಂದ 15 ಮೀಟರ್. 12 ಮೀಟರ್ ಗಟ್ಟಿ ಪೈಪು ಹಾಕಿ, ನಡುವೆ ಎಲ್ಲೂ ಉಬ್ಬು ಬರದ ಹಾಗೆ ಒಂದೇ ಇಳಿಜಾರಿನಲ್ಲಿ ಕೂರಿಸಿ. ಉಬ್ಬಿದ ಕಡೆ ಗಾಳಿ ಸಿಕ್ಕಿಬಿದ್ದರೆ ಮತ್ತೆ ಹೋಸಿನದೇ ಕಥೆ. ಅದರ ಮೇಲಿನ ತುದಿಗೆ ಟೀ ಹಾಕಿ 2 ಇಂಚಿನ ಪೈಪನ್ನು ನೇರ ನಿಲ್ಲಿಸಿ. ಬಾಯಿ ತೆರೆದೇ ಇರಲಿ, ಹಳ್ಳದ ನೀರಿನ ಮಟ್ಟಕ್ಕಿಂತ ಒಂದಡಿ ಎತ್ತರವಿರಲಿ. ಅಲ್ಲಿಂದ ಹಳ್ಳದವರೆಗಿನ 18 ಮೀಟರಿಗೆ ಒಂದೂವರೆ ಇಂಚು ಪೈಪು, ಬಾಯಿಗೆ ಜಾಲರಿ. ಪಿವಿಸಿ ಅಂಟಿನ ಸಲ್ಯೂಶನ್ ಹಾಕಿದ ಮೇಲೆ 24 ಗಂಟೆ ನೀರು ಬಿಡಬೇಡಿ.

ಸಿಗೋ ನೀರಿನ ಲೆಕ್ಕ (ಇಲ್ಲಿ 0.6 ಅನ್ನೋದು ಪಂಪಿನ ದಕ್ಷತೆ, ಗೇಜಿನ ಬಾರ್ ಅಲ್ಲ): 0.6 × 20 × 1.5 ÷ 9 = ನಿಮಿಷಕ್ಕೆ 2 ಲೀಟರ್, ದಿನಕ್ಕೆ ಸುಮಾರು 2,880 ಲೀಟರ್.

ಜಿಐಥ್ರೆಡ್:
ನನ್ನದು 2 ಇಂಚು ಜಿಐ, 4 ಮೀಟರ್ ಇಳಿತ, ನಿಮಿಷಕ್ಕೆ 48 ಬಡಿತ, ಗೇಜ್ 3 ಬಾರ್. ಎಲ್ಲಾ ಥ್ರೆಡ್ಡಿಗೂ ಸೆಣಬೇ.

ಬಾಲ್‌ವಾಲ್ವ್25:
ಜಿಐಗೆ ಜಿಐ ಥ್ರೆಡ್ಡಾದರೆ ಸರಿ. ಇಲ್ಲಿ ಕೇಳಿದ್ದು ಪಿವಿಸಿಗೆ.

ಹಳ್ಳದಂಚು:
12 ಮೀಟರ್ 10 ಕೆಜಿ ಪಿವಿಸಿ ತಂದಾಯ್ತು. ಹಿತ್ತಾಳೆ ಎನ್‌ಆರ್‌ವಿಗೆ ಪಿವಿಸಿ ಎಂಟಿಎ (ಹೊರಗೆ ಥ್ರೆಡ್ ಇರೋದು) ಹಾಕುವಾಗ ಟೇಪ್ ಎಷ್ಟು ಸುತ್ತು?